ವ್ಯಾಪಾರಿ ಡೈರೆಕ್ಟರಿ: ಅಂದು, ಇಂದು ಮತ್ತು ನಮ್ಮ ಸಂಘದ ಹೊಣೆ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಜರುಗಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದಂಥ ಸಂತೋಷದ ಸಮಾರಂಭಕ್ಕೆ ನನ್ನಂಥ ಅಚ್ಚಿನ ಕೆಲಸದವನನ್ನು ಕರೆದು ಮಾತಾಡಲು ಹಚ್ಚಿದ್ದೀರಿ. ನಾನು ಸಹಕಾರ ಧುರೀಣನಲ್ಲ, ಪಂಡಿತನೂ ಅಲ್ಲ. ಚಿಕ್ಕೋಡಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಒಂದು ಸಣ್ಣ ಪ್ರೆಸ್ ನಡೆಸಿದವನು. ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆಯ ಹ್ಯಾಂಡ್‌ಬಿಲ್ಲು, ಸಂಘಗಳ ವಾರ್ಷಿಕ ವರದಿ, ಇವನ್ನೇ ಅಚ್ಚು ಹಾಕಿ ಹೊಟ್ಟೆ ಹೊರೆದವನು. ಕಾರ್ಯದರ್ಶಿಗಳು ಫೋನ್ ಮಾಡಿ, "ಸ್ಮರಣ ಸಂಚಿಕಿ ತರಾಕತ್ತೀವ್ರಿ, ನೀವೂ ನಿಮ್ಮ ಅನುಭವದಾಗಿಂದ ನಾಕ ಮಾತ ಹೇಳಬೇಕು" ಅಂದರು. ನಾಲ್ಕು ಮಾತು ಅಂದದ್ದು ನಲವತ್ತು ಆದರೆ ಕ್ಷಮಿಸಬೇಕು.

ನಿಮಗೆ ನನ್ನದೊಂದು ಚಾಳಿ ಹೇಳುತ್ತೇನೆ. ಯಾವ ಸ್ಮರಣ ಸಂಚಿಕೆ ಕೈಗೆ ಬಂದರೂ ನಾನು ಅದನ್ನು ಹಿಂದಿನಿಂದ ಓದುತ್ತೇನೆ. ಮುಂದೆ ಮಂತ್ರಿಗಳ ಸಂದೇಶ, ಗಣ್ಯರ ಫೋಟೋ, ಶುಭಾಶಯ. ಅವೂ ಬೇಕು. ಆದರೆ ಹಿಂದಿನ ಪುಟಗಳಲ್ಲಿ ನಮ್ಮ ಪೇಟೆಯೇ ಬಂದು ಕುಳಿತಿರುತ್ತದೆ. ಕಿರಾಣಿ ಅಂಗಡಿ, ಗೊಬ್ಬರ-ಬೀಜದ ಅಂಗಡಿ, ಭಾಂಡೆ ಅಂಗಡಿ, ಸರಾಫರು, ಮೋಟಾರು ರಿವೈಂಡಿಂಗ್, ಟ್ರ್ಯಾಕ್ಟರ್ ಗ್ಯಾರೇಜು, ಮಂಡಪದವರು, ಬೋರ್‌ವೆಲ್ಲಿನವರು. ಕಾಲು ಪುಟ, ಅರ್ಧ ಪುಟ, ರೊಕ್ಕ ಇದ್ದವರದು ಪೂರ್ಣ ಪುಟ. ಕೆಳಗೆ ವಿಳಾಸ, ಫೋನ್ ನಂಬರು. ಇದು ಬರೀ ಜಾಹೀರಾತಲ್ಲ. ಹತ್ತು ವರ್ಷ ಬಿಟ್ಟು ತೆಗೆದು ನೋಡಿದರೆ ಈ ಊರಲ್ಲಿ ಯಾರು ಯಾವ ಉದ್ಯೋಗ ಮಾಡಿ ಬದುಕುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಇದೇ ನಮ್ಮ ಪಾಲಿನ ವ್ಯಾಪಾರಿ ಡೈರೆಕ್ಟರಿ. ಈ ದಿನ ನಾನು ಮಾತಾಡುವುದು ಆ ಡೈರೆಕ್ಟರಿ ಎಂಬ ಪುಸ್ತಕದ ಬಗ್ಗೆ, ಅದು ಹೋದದ್ದರ ಬಗ್ಗೆ, ಅದು ಹೋದ ಮೇಲೆ ನಾವು ಏನು ಮಾಡಬೇಕು ಎಂಬುದರ ಬಗ್ಗೆ.

ವ್ಯಾಪಾರಿಗಳ ಹೆಸರನ್ನು ಪುಸ್ತಕದಲ್ಲಿ ಪಟ್ಟಿ ಮಾಡುವುದು ಹೊಸದೇನೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಕಲಕತ್ತಾದಿಂದ ಥ್ಯಾಕರ್ಸ್ ಡೈರೆಕ್ಟರಿ ಎಂಬ ದಪ್ಪ ಪುಸ್ತಕ ಬರುತ್ತಿತ್ತು. ನಮ್ಮ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. 1884ರಲ್ಲಿ ಸರ್ಕಾರದವರು ಬೆಳಗಾವಿ ಜಿಲ್ಲೆಯ ಗೆಜೆಟಿಯರ್ ಅಚ್ಚು ಹಾಕಿಸಿದಾಗ ಇಲ್ಲಿಯ ಪೇಟೆಗಳ, ಕಸುಬುಗಳ ವರ್ಣನೆಯನ್ನೂ ಬರೆಸಿದರು. ಟೆಲಿಫೋನ್ ಬಂದ ಮೇಲೆ ಪಟ್ಟಿಗೆ ಹೊಸ ಬೆಲೆ ಬಂತು. 1878ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಹೊರಬಂದ ಮೊದಲ ಟೆಲಿಫೋನ್ ಡೈರೆಕ್ಟರಿ ಒಂದೇ ಒಂದು ಹಾಳೆ. ಅದರಲ್ಲಿ ಇದ್ದದ್ದು ಸುಮಾರು 50 ಹೆಸರು. ಆ ಒಂದು ಹಾಳೆಯೇ ಬೆಳೆದು ಮುಂದೆ ತಲೆದಿಂಬಿನಂಥ ಹಳದಿ ಪುಸ್ತಕಗಳಾದವು.

ನಮ್ಮ ಕಡೆ ಡೈರೆಕ್ಟರಿ ಅಂದರೆ ಬಹಳ ದಿನ ಟೆಲಿಫೋನ್ ಇಲಾಖೆಯ ಡೈರೆಕ್ಟರಿಯೇ. ಅಂಚೆ ಕಚೇರಿಯಲ್ಲಿ ಅದಕ್ಕೆ ದಾರ ಕಟ್ಟಿ ತೂಗು ಬಿಟ್ಟಿರುತ್ತಿದ್ದರು. ಎಸ್‌ಟಿಡಿ ಬೂತಿನವರ ಮೇಜಿನ ಮೇಲೆ ಅದರ ಅಂಚು ಮಡಿಚಿ ಮಡಿಚಿ ಕರ್ರಗಾಗಿರುತ್ತಿತ್ತು. ಚಿಕ್ಕೋಡಿ-ನಿಪ್ಪಾಣಿಗೆ 08338, ಅಥಣಿಗೆ 08289, ರಾಯಬಾಗಕ್ಕೆ 08331. ಈ ಸಂಖ್ಯೆಗಳು ನಮ್ಮ ವಯಸ್ಸಿನವರಿಗೆ ಇನ್ನೂ ಬಾಯಿಪಾಠ. ಆ ಡೈರೆಕ್ಟರಿಯಲ್ಲಿ ಹೆಸರು ಹುಡುಕುವುದು ಒಂದು ವಿದ್ಯೆಯೇ ಆಗಿತ್ತು. ನಮ್ಮ ಭಾಗದಲ್ಲಿ ಪಾಟೀಲರಿಗೇನು ಕಡಿಮೆ? ಕಾಲಂ ಮುಗಿದರೂ ಪಾಟೀಲರು ಮುಗಿಯುತ್ತಿರಲಿಲ್ಲ. "ಖತದ ಅಂಗಡಿ ಪಾಟೀಲರ ನಂಬರ ಯಾವುದು" ಅಂತ ಬೂತಿನವನನ್ನು ಕೇಳಿದರೆ ಅವನು ಪುಸ್ತಕ ನೋಡದೆಯೇ ಹೇಳಿಬಿಡುತ್ತಿದ್ದ.

ಆದರೆ ಆ ಪುಸ್ತಕದಲ್ಲಿ ಒಂದು ದೊಡ್ಡ ಗುಣವಿತ್ತು. ಅಕಾರಾದಿಯಲ್ಲಿ ಎಲ್ಲರೂ ಸಮಾನರು. ತಂಬಾಕಿನ ದೊಡ್ಡ ವಖಾರಿಯ ಮಾಲಕನಿಗೂ ಒಂದು ಸಾಲು, ಸೈಕಲ್ ಅಂಗಡಿಯವನಿಗೂ ಒಂದು ಸಾಲು. ಅಕ್ಷರದ ಗಾತ್ರವೂ ಒಂದೇ.

ವ್ಯಾಪಾರಿಗಳದೇ ಬೇರೆ ಡೈರೆಕ್ಟರಿ, ಅಂದರೆ ಯೆಲ್ಲೋ ಪೇಜಸ್, ನಮ್ಮ ದೇಶದ ದೊಡ್ಡ ನಗರಗಳಲ್ಲಿ ಬಂದಾಗ ಅದರ ಮೇಲೆ ದೊಡ್ಡ ಖಟ್ಲೆಯೇ ನಡೆಯಿತು. ಟಾಟಾ ಪ್ರೆಸ್ಸಿನವರು ಅಂಥ ಪುಸ್ತಕ ಹಾಕಕೂಡದೆಂದು ಮುಂಬಯಿಯ ಸರ್ಕಾರಿ ದೂರವಾಣಿ ನಿಗಮ ತಕರಾರು ಮಾಡಿತು. 1995ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಜಾಹೀರಾತು ಕೂಡ ಸಂವಿಧಾನದ 19ನೆಯ ವಿಧಿಯ ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ, ವ್ಯಾಪಾರಿಗಳ ಜಾಹೀರಾತಿನ ಪುಸ್ತಕ ಹಾಕಬಹುದು, ಆದರೆ ಟೆಲಿಫೋನ್ ಚಂದಾದಾರರ ಪಟ್ಟಿಯನ್ನು ಇಲಾಖೆಯ ಅನುಮತಿ ಇಲ್ಲದೆ ಪ್ರಕಟಿಸಬಾರದು ಎಂದಿತು. ಈ ಸುದ್ದಿಯನ್ನು ನನಗೆ ಕೋರ್ಟಿನ ಕಾಗದ ಅಚ್ಚು ಹಾಕಿಸಲು ಬರುತ್ತಿದ್ದ ಒಬ್ಬ ವಕೀಲರು ಹೇಳಿದರು. ಕೇಳಿ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ನಾನೂ ಯಾಕೆ ನಮ್ಮ ಭಾಗದ್ದೊಂದು ವ್ಯಾಪಾರಿ ಡೈರೆಕ್ಟರಿ ಮಾಡಬಾರದು?

ತಮಾಷೆ ನೋಡಿ. ಅದೇ 1995ರ ಆಗಸ್ಟ್ ತಿಂಗಳಲ್ಲಿಯೇ, 15ರಂದು, ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಶುರುವಾಯಿತು. ಪುಸ್ತಕ ಹಾಕುವ ಹಕ್ಕು ಸಿಕ್ಕ ತಿಂಗಳಲ್ಲಿಯೇ ಆ ಪುಸ್ತಕದ ಆಯುಷ್ಯ ಮುಗಿಸುವ ವಸ್ತುವೂ ಬಂದಿತ್ತು. ಚಿಕ್ಕೋಡಿಯಲ್ಲಿ ಮೊಳೆ ಜೋಡಿಸುತ್ತ ಕುಳಿತ ನನಗೆ ಅದೆಲ್ಲಿ ಗೊತ್ತಾಗಬೇಕು?

ಎರಡು ವರ್ಷ ತಿರುಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ನಡುವೆ ಸದಲಗಾ, ಕುಡಚಿ, ಉಗಾರ. ಬಸ್ಸಿನಲ್ಲಿ ಹೋಗಿ ಅಂಗಡಿಯಿಂದ ಅಂಗಡಿಗೆ ನಡೆದು ಹೆಸರು ಬರೆದುಕೊಂಡೆ. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿಗಳು ತಮ್ಮ ಹಳೆಯ ಲೆಟರ್‌ಹೆಡ್ ಕೊಡುತ್ತಿದ್ದರು. ಅದರ ಮೂಲೆಯಲ್ಲಿ 'ತಾರು' ಎಂದು ಬರೆದು ಒಂದೇ ಶಬ್ದದ ತಂತಿ ವಿಳಾಸ ಇರುತ್ತಿತ್ತು. ಆ ತಂತಿ ಸೇವೆಯೂ 2013ರ ಜುಲೈಯಲ್ಲಿ ನಿಂತು ಹೋಯಿತು. ಅಥಣಿಯಲ್ಲಿ ಚಪ್ಪಲಿ ಮಾಡುವವರ ಓಣಿಗೆ ಹೋದರೆ, "ನಮಗ ಯಾಕ್ರಿ ಪುಸ್ತಕ, ನಮ್ಮ ಮಾಲು ವ್ಯಾಪಾರಿ ಒಯ್ತಾನ, ಅವನ ಹೆಸರ ಹಾಕ್ರಿ" ಅಂದರು. ಆ ಮಾತನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ. ಕಾಗವಾಡದವರು, "ನಮ್ಮ ಅರ್ಧ ವ್ಯವಹಾರ ಮೀರಜ-ಸಾಂಗ್ಲಿ ಜೋಡಿ ಐತಿ, ಅವರ ನಂಬರೂ ಹಾಕ್ರಿ" ಅಂದರು. ಜಿಲ್ಲೆಯ ಡೈರೆಕ್ಟರಿ ಗಡಿಗೆ ಬಂದು ನಿಲ್ಲುತ್ತಿತ್ತು. ವ್ಯಾಪಾರ ನಿಲ್ಲುತ್ತಿರಲಿಲ್ಲ. ಹಾಗಾಗಿ ಹೆಸರುಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹಾಕಿದೆ.

1997ರಲ್ಲಿ ಪುಸ್ತಕ ಹೊರಬಂತು. ಅದರಲ್ಲಿ ನನ್ನ ಕೈಯಿಂದ ಒಂದು ತಪ್ಪು ಆಯಿತು. ಅದನ್ನು ಈ ಸಭೆಯಲ್ಲಿ ಹೇಳಲೇಬೇಕು. ರಾಯಬಾಗ ಕಡೆಯ ಒಬ್ಬ ಮೋಟಾರು ರಿವೈಂಡಿಂಗ್ ಮಾಡುವವರ ನಂಬರಿನ ಕೊನೆಯ ಎರಡು ಅಂಕಿ ಹಿಂದುಮುಂದಾದವು. ಪ್ರೂಫ್ ನಾನೇ ನೋಡಿದ್ದೆ. ಆಗ ನಮ್ಮಲ್ಲಿ ಐದೇ ಅಂಕಿಯ ನಂಬರು. ಐದರಲ್ಲಿ ಎರಡು ತಪ್ಪಿದರೆ ಇನ್ನೇನು ಉಳಿಯಿತು? ಬೇಸಿಗೆಯಲ್ಲಿ ಮೋಟಾರು ಸುಟ್ಟ ರೈತರು ಫೋನ್ ಮಾಡಿದರೆ ಅದು ಒಬ್ಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ ಬಾರಿಸುತ್ತಿತ್ತು. ಆ ಮಿಸ್ತ್ರಿ ನನ್ನ ಪ್ರೆಸ್ಸಿಗೆ ಬಂದು ಬೈಯಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, "ಈ ವರ್ಷದ ಸೀಜನ್ ಹೋತ್ರಿ" ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ತಿದ್ದುಪಡಿಯ ಚೀಟಿ ಅಚ್ಚು ಹಾಕಿ, ಪುಸ್ತಕ ಮಾರಿದ ಅಂಗಡಿ ಅಂಗಡಿಗೆ ಹೋಗಿ ಅಂಟಿಸಿ ಬಂದೆ. ಎಂಟು ದಿನ ಪ್ರೆಸ್ ಬಂದು. ಕೊನೆಗೆ ಕ್ಷಮೆ ಕೇಳಲು ಆ ಶಿಕ್ಷಕಿಯ ಮನೆಗೂ ಹೋದೆ. ಅಕ್ಕನವರು ಫೋನಿನ ಪಕ್ಕದ ಗೋಡೆಗೆ ಒಂದು ರಟ್ಟು ತೂಗು ಹಾಕಿದ್ದರು. ಅದರ ಮೇಲೆ ಮಿಸ್ತ್ರಿಯ ಖರೇ ನಂಬರು ದಪ್ಪಗೆ ಬರೆದಿತ್ತು. "ಯಾರರ ಮಾಡಿದ್ರ ನಾ ಇದನ್ನ ಹೇಳ್ತೀನಿ. ಮೋಟಾರ ಸುಟ್ಟವರ ಸಂಕಟ ನನಗ ಗೊತ್ತಿಲ್ಲೇನು? ನೀ ಚಿಂತಿ ಮಾಡಬ್ಯಾಡ, ಮುಂದಿನ ಸಲ ಚಂದಗೆ ತಿದ್ದಿ ಹಾಕು" ಅಂದರು. ಅವರು ಎಷ್ಟೋ ದಿನ ಹಾಗೆಯೇ ಉತ್ತರ ಹೇಳಿದರು. ಇಬ್ಬರೂ ಈಗ ಇಲ್ಲ. ಅವರ ಹೆಸರು ಹೇಳುವುದಿಲ್ಲ. ನೆನೆಯುತ್ತೇನೆ.

ಆ ಮುಂದಿನ ಸಲ ಬರಲೇ ಇಲ್ಲ. ಯಾಕೆ ಬರಲಿಲ್ಲ ಅಂದರೆ ಕಾರಣ ಒಂದಲ್ಲ. ಐದಂಕಿ ನಂಬರಿನ ಮುಂದೆ ಎರಡು ಎಂಬ ಅಂಕಿ ಕೂಡಿಸಿ ಆರಂಕಿ ಮಾಡಿದರು. ಒಂದೇ ಏಟಿಗೆ ಇಡೀ ಪುಸ್ತಕ ಹಳತಾಯಿತು. ಅಷ್ಟರಲ್ಲಿ ಮೊಬೈಲು ಬಂತು. ಟೆಲಿಫೋನ್ ಇದ್ದವರು ಅದನ್ನು ಸರೆಂಡರ್ ಮಾಡಿದರು. ಮೊಬೈಲ್ ನಂಬರುಗಳಿಗೆ ನಮ್ಮ ದೇಶದಲ್ಲಿ ಸಾರ್ವಜನಿಕ ಡೈರೆಕ್ಟರಿ ಎಂಬುದೇ ಆಗಲಿಲ್ಲ. ಕಾಗದದ ದರ ಏರಿತು. ಜಾಹೀರಾತಿನ ರೊಕ್ಕ ಫ್ಲೆಕ್ಸಿಗೆ ಹೋಯಿತು. 1996ರಲ್ಲಿ ಮುಂಬಯಿಯಲ್ಲಿ ಶುರುವಾದ ಜಸ್ಟ್ ಡಯಲ್‌ನವರು ಫೋನಿನಲ್ಲಿಯೇ ಅಂಗಡಿಯ ನಂಬರು ಹೇಳತೊಡಗಿದರು, ಆಮೇಲೆ ಇಂಟರ್‌ನೆಟ್ಟಿಗೆ ಹೋದರು. ಗೂಗಲ್ ನಕಾಶೆ ಬಂತು. 2016ರಲ್ಲಿ ಜಿಯೋ ಬಂದ ಮೇಲೆ ದನ ಕಾಯುವ ಹುಡುಗನ ಕೈಯಲ್ಲಿಯೂ ಇಂಟರ್‌ನೆಟ್ ಬಂತು. ಇದು ನಮ್ಮಲ್ಲಿ ಅಷ್ಟೇ ಆದದ್ದಲ್ಲ. ಇಂಗ್ಲೆಂಡಿನಲ್ಲಿ 1966ರಿಂದ ಮನೆ ಮನೆಗೆ ಹಂಚುತ್ತಿದ್ದ ಹಳದಿ ಪುಸ್ತಕದ ಕೊನೆಯ ಪ್ರತಿಗಳು 2019ರ ಜನವರಿಯಲ್ಲಿ ಹೊರಬಂದವು. ಎಲ್ಲಿ ಮೊದಲು ಹಂಚಿದ್ದರೋ ಅದೇ ಬ್ರೈಟನ್ ಊರಿನಲ್ಲಿ ಕೊನೆಯದನ್ನೂ ಹಂಚಿದರು.

ನಾನು ಅಚ್ಚಿನವನು ಎಂದು ಹೊಸದನ್ನು ಬೈಯಲು ಬಂದಿಲ್ಲ. ಒಳ್ಳೆಯದನ್ನು ಒಳ್ಳೆಯದೆನ್ನಬೇಕು. ನನ್ನ ಪುಸ್ತಕದಲ್ಲಿ ತಪ್ಪಾದರೆ ತಿದ್ದಲು ಎಂಟು ದಿನ ಬಸ್ಸು ಹತ್ತಬೇಕಾಯಿತು. ಈಗ ಅಂಗಡಿಯವನು ಕುಳಿತಲ್ಲಿಯೇ ತಿದ್ದಬಹುದು. ರೊಕ್ಕವೂ ಕೊಡಬೇಕಾಗಿಲ್ಲ. ಫೋಟೋ ಹಾಕಬಹುದು, ದಾರಿ ತೋರಿಸಬಹುದು, ಅಂಗಡಿ ತೆರೆಯುವ ವೇಳೆ ಬರೆಯಬಹುದು. ಮತ್ತೊಂದು ನಗೆಯ ಮಾತು. ಗೂಗಲ್‌ನವರು ಅಂಗಡಿ ನಿಜವಾಗಿ ಇದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಲು ಬಹಳ ಜನರಿಗೆ ಒಂದು ಕೋಡ್ ನಂಬರನ್ನು ಅಂಚೆಯ ಕಾರ್ಡಿನಲ್ಲಿಯೇ ಕಳಿಸುತ್ತಿದ್ದರು. ಆಕಾಶದ ಕಂಪನಿಗೂ ಕೊನೆಗೆ ನಮ್ಮ ಪೋಸ್ಟ್‌ಮನ್ನನೇ ಬೇಕಾದ!

ಹಾಗಾದರೆ ಪುಸ್ತಕ ಹೋದರೆ ಹೋಗಲಿ, ನಷ್ಟವೇನು? ನಷ್ಟ ಪುಸ್ತಕದ್ದಲ್ಲ. ಪುಸ್ತಕದ ಹಿಂದೆ ಒಬ್ಬ ಜವಾಬ್ದಾರನಿದ್ದ, ಅವನದು. ನನ್ನ ತಪ್ಪಿಗೆ ಆ ಮಿಸ್ತ್ರಿ ನನ್ನ ಬಾಗಿಲಿಗೆ ಬರಬಹುದಿತ್ತು. ನನ್ನ ಹೆಸರು, ಪ್ರೆಸ್ಸಿನ ಹೆಸರು ಪುಸ್ತಕದ ಮೇಲಿತ್ತು. ಈಗ ತಪ್ಪು ನಂಬರಿಗೆ ಯಾರ ಬಾಗಿಲು ಬಡಿಯಬೇಕು?

ನನ್ನ ಓಣಿಯ ಒಬ್ಬ ತಮ್ಮ, ಗಾಡಿ ಇಟ್ಟುಕೊಂಡು ತರಕಾರಿ ಮಾರುವವ, ಬ್ಯಾಂಕಿನ ಸಹಾಯವಾಣಿ ನಂಬರು ಬೇಕೆಂದು ಮೊಬೈಲಿನಲ್ಲಿ ಹುಡುಕಿದ. ಮೊದಲು ಕಂಡ ನಂಬರಿಗೆ ಫೋನ್ ಮಾಡಿದ. ಅತ್ತ ಕಡೆಯವ ಬಹಳ ಮರ್ಯಾದೆಯಿಂದ ಮಾತಾಡಿ, ಏನೇನೋ ಒತ್ತಲು ಹೇಳಿ, ಹದಿನೆಂಟು ಸಾವಿರ ತೆಗೆದುಬಿಟ್ಟ. ಅದು ಬ್ಯಾಂಕಿನ ನಂಬರೇ ಅಲ್ಲ, ಕಳ್ಳರು ಹಾಕಿದ ನಂಬರು. ಇಂಥದ್ದು ಆದ ಕೂಡಲೇ 1930 ನಂಬರಿಗೆ ಫೋನ್ ಮಾಡಿ ದೂರು ಬರೆಸಬೇಕು, ತಡ ಮಾಡಬಾರದು. ಇದನ್ನು ದಯವಿಟ್ಟು ಎಲ್ಲರೂ ನೆನಪಿಡಿ, ಮನೆಯ ಹೆಣ್ಣುಮಕ್ಕಳಿಗೂ ಹೇಳಿ. ಆ ತಮ್ಮನಿಗೆ ಅದು ಗೊತ್ತಾದದ್ದು ಮೂರು ದಿನ ಬಿಟ್ಟು. ಹಳೆಯ ಡೈರೆಕ್ಟರಿಯಲ್ಲಿ ತಪ್ಪು ಇರುತ್ತಿತ್ತು, ಕಳ್ಳ ಇರುತ್ತಿರಲಿಲ್ಲ.

ಎರಡನೆಯ ನಷ್ಟ, ಸಾಲು ತಪ್ಪಿದ್ದು. ಅಕಾರಾದಿ ಹೋಯಿತು. ಈಗ ಕೆಲವು ಕಡೆ ಯಾರು ರೊಕ್ಕ ಕೊಟ್ಟರೋ ಅವರು ಮೇಲೆ, ಯಾರಿಗೆ ಹೆಚ್ಚು ನಕ್ಷತ್ರ ಬಿದ್ದವೋ ಅವರು ಮೇಲೆ. ನಮ್ಮ ಊರುಗಳ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಚಿಕ್ಕೋಡಿಗೆ ಒಬ್ಬರು ಒಂದು 'ಕೆ' ಹಾಕುತ್ತಾರೆ, ಒಬ್ಬರು ಎರಡು. ನಿಪ್ಪಾಣಿಗೆ ಒಂದು 'ಪಿ', ಇಲ್ಲಾ ಎರಡು 'ಪಿ'. ರಾಯಬಾಗಕ್ಕೆ ಕೆಲವರು 'ಐ' ಬರೆದರೆ ಕೆಲವರು 'ವೈ'. ಕಾಗವಾಡ ಮೊದಲು ಅಥಣಿ ತಾಲ್ಲೂಕಿನಲ್ಲಿತ್ತು, ನಿಪ್ಪಾಣಿ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು. 2017-18ರಲ್ಲಿ ಎರಡೂ ಬೇರೆ ತಾಲ್ಲೂಕುಗಳಾದವು. ಆದರೆ ಎಷ್ಟೋ ಪಟ್ಟಿಗಳಲ್ಲಿ ಹಳೆಯ ವಿಳಾಸವೇ ಕುಳಿತಿದೆ. ಇನ್ನು ಚಿಕ್ಕೋಡಿ ರೋಡ್ ಎಂಬ ರೈಲು ಸ್ಟೇಷನ್ ಮೀರಜ-ಲೋಂಡಾ ದಾರಿಯಲ್ಲಿದೆ, ಚಿಕ್ಕೋಡಿಯಲ್ಲಿಲ್ಲ. ಹೆಸರು ನಂಬಿ ಇಳಿದ ಪರಊರವನು ಮತ್ತೆ ಬಸ್ಸು ಹುಡುಕಬೇಕು. ಇಂಥ ಸೂಕ್ಷ್ಮಗಳು ಇಲ್ಲಿ ಓಡಾಡಿದವನಿಗೆ ಗೊತ್ತು. ಎಲ್ಲಿಯೋ ಕುಳಿತು ಪಟ್ಟಿ ಮಾಡುವವನಿಗೆ ಹೇಗೆ ಗೊತ್ತಾಗಬೇಕು?

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪಟ್ಟಿಯಲ್ಲಿ ಇಲ್ಲದವನು ಇಲ್ಲವೇ ಇಲ್ಲ ಎಂದಾಗುತ್ತದೆ. ಅಥಣಿಯ ಚಪ್ಪಲಿಯವರು ನನಗೆ ಹೇಳಿದ ಮಾತು ಈಗ ನೆನಪಾಗುತ್ತದೆ. ನಾವು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ಮದಭಾವಿಯ ಕೈಗಳೂ ಹೊಲಿಯುತ್ತವೆ. 2018ರಲ್ಲಿ ಅದಕ್ಕೆ ಜಿ.ಐ. ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಅದರಲ್ಲಿವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದಲ್ಲಿ ಅಂಥದ್ದೇ ಚಪ್ಪಲಿ ತೋರಿಸಿತು. ನಮ್ಮವರ ಹೆಸರು ಎತ್ತಲಿಲ್ಲ. ಆಕ್ಷೇಪ ಬಂದ ಮೇಲೆ ಭಾರತದ ಕೈಕಸುಬಿನ ಪಾದರಕ್ಷೆಯಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡಿತು. ಚಪ್ಪಲಿಯ ಹೆಸರು ಮಿಲಾನಿಗೆ ಹೋಗಿ ಬಂತು. ಹೊಲಿದವನ ಮನೆಯ ವಿಳಾಸ ಮಾತ್ರ ಪಕ್ಕದ ತಾಲ್ಲೂಕಿನವರಿಗೂ ಸಿಗುವುದಿಲ್ಲ. 1997ರಲ್ಲಿ ನಾನು ವ್ಯಾಪಾರಿಯ ಹೆಸರು ಹಾಕಿದೆ, ಕಸುಬುದಾರನ ಹೆಸರು ಬಿಟ್ಟೆ. ಆ ತಪ್ಪಿಗೆ ನಾನು ಯಾವ ಚೀಟಿಯನ್ನೂ ಅಂಟಿಸಲಿಲ್ಲ.

ಇನ್ನು 2019ರ ಆಗಸ್ಟ್. ಅದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಏರಿ ಬಂದವು. ಕಲ್ಲೋಳ-ಯಡೂರ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ, ಒಂದೊಂದಾಗಿ ಸೇತುವೆ ಮುಳುಗಿದವು. ನೀರು ಇಳಿದ ಮೇಲೆ ನದಿಯ ದಂಡೆಯ ಮೋಟಾರುಗಳೆಲ್ಲ ಕೆಸರಿನಲ್ಲಿ. ರಿವೈಂಡಿಂಗ್ ಮಾಡುವವರಿಗಾಗಿ ಹಾಹಾಕಾರ. ಆಗ ಕೃಷ್ಣೆಯ ದಂಡೆಯ ಒಬ್ಬ ಹುಡುಗ ಪ್ರೆಸ್ಸಿಗೆ ಬಂದ. "ಕಾಕಾ, ಮೊಬೈಲದಾಗ ಕೊಲ್ಹಾಪುರ, ಬೆಳಗಾವಿ ತೋರ್ಸ್ತೈತಿ. ಅಲ್ಲೀತನಾ ಮೋಟಾರ ಒಯ್ಯೂದ ಹ್ಯಾಂಗ? ನಿಮ್ಮ ಹಳೇ ಪುಸ್ತಕ ಐತೇನ್ರಿ?" ಅಂದ. ಇಪ್ಪತ್ತೆರಡು ವರ್ಷದ ಹಳೆಯ ಪುಸ್ತಕ! ನಕ್ಕು ತೆಗೆದುಕೊಟ್ಟೆ. ಅದರಲ್ಲಿಯ ಒಂದು ನಂಬರೂ ಬಾರಿಸಲಿಲ್ಲ. ಆದರೆ ಹೆಸರಿತ್ತು, ಓಣಿಯಿತ್ತು. ಹುಡುಗ ಗಾಡಿ ಹತ್ತಿ ಹೋದ. ಎರಡು ಕಡೆ ಅಂಗಡಿ ಇರಲಿಲ್ಲ. ಮೂರನೆಯ ಕಡೆ ಅಪ್ಪ ತೀರಿಕೊಂಡಿದ್ದರು, ಅದೇ ಓಣಿಯಲ್ಲಿ ಅದೇ ಕೆಲಸವನ್ನು ಮಗ ಮಾಡುತ್ತಿದ್ದ. ಯಾರ ಮಗ ಎಂದು ಕೇಳುವಿರಾ? ನಾನು ಎರಡು ಅಂಕಿ ತಪ್ಪು ಹಾಕಿದ್ದೆನಲ್ಲ, ಆ ಮಿಸ್ತ್ರಿಯ ಮಗ. ನನಗೆ ಗೊತ್ತಾದಾಗ ಕಣ್ಣು ತುಂಬಿ ಬಂತು. ನಂಬರು ಸತ್ತಿತ್ತು, ವಿಳಾಸ ಬದುಕಿತ್ತು.

ಆ ಹುಡುಗ, ಅಂದರೆ ಮಿಸ್ತ್ರಿಯ ಮಗ, ಇಂಟರ್‌ನೆಟ್ಟಿನಲ್ಲಿ ಎಲ್ಲಿಯೂ ಇರಲಿಲ್ಲ. ಕೆಲಸ ಬರುತ್ತದೆ, ಮೊಬೈಲೂ ಇದೆ, ಅದರಲ್ಲಿ ತನ್ನ ಹೆಸರು ಹಾಕಬೇಕೆಂದು ಯಾರೂ ಹೇಳಿರಲಿಲ್ಲ. ಇಂಥವರು ನಮ್ಮ ಐದೂ ತಾಲ್ಲೂಕಿನಲ್ಲಿ ಎಷ್ಟು ಜನ! ಗೌಂಡಿ, ಬಡಿಗ, ಕಂಬಾರ, ಶಾವಿಗೆ-ಹಪ್ಪಳ ಮಾಡುವ ತಾಯಂದಿರು, ಹೊಲಿಗೆಯ ಅಕ್ಕಂದಿರು, ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮರು. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಇವರು ನಮಗೆ ಕಾಣುವುದಿಲ್ಲ, ಕೊಲ್ಹಾಪುರದ ಅಂಗಡಿ ಕಾಣುತ್ತದೆ.

ಈಗ ಸಂಘದ ಮಾತಿಗೆ ಬರುತ್ತೇನೆ. "ಇದಕ್ಕೂ ಸಹಕಾರಕ್ಕೂ ಏನ ಸಂಬಂಧರಿ?" ಎಂದು ಯಾರಾದರೂ ಕೇಳಬಹುದು. ಸಂಬಂಧ ಬಹಳ ಇದೆ. ಈ ಸಂಘದಿಂದ ಸಾಲ ತೆಗೆದು ಹೊಲಿಗೆ ಯಂತ್ರ ಕೊಂಡವರಿದ್ದಾರೆ, ಹಿಟ್ಟಿನ ಗಿರಣಿ ಹಾಕಿದವರಿದ್ದಾರೆ, ಟೆಂಪೋ ತಂದವರಿದ್ದಾರೆ. ಅವರಿಗೆ ಗಿರಾಕಿ ಬಂದರೆ ತಾನೆ ಕಂತು ಬರುವುದು? ಸಾಲ ಕೊಟ್ಟ ಸಂಘಕ್ಕೆ ಸಾಲಗಾರನ ಅಂಗಡಿಗೆ ದಾರಿ ತೋರಿಸುವುದು ಧರ್ಮವೂ ಹೌದು, ಲಾಭವೂ ಹೌದು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದಾಗ ನಂಬಿದ್ದೇನು? ಊರಿನವರೇ ಊರಿನವರ ಪತ್ತು ಬಲ್ಲರು ಎಂದು. ಸಾವಕಾರನಿಗೆ ಗೊತ್ತಿಲ್ಲದ್ದು, ದೂರದ ಬ್ಯಾಂಕಿಗೆ ಗೊತ್ತಾಗದ್ದು ಪಕ್ಕದ ಮನೆಯವನಿಗೆ ಗೊತ್ತಿರುತ್ತದೆ. ವಿಳಾಸದ ವಿಷಯದಲ್ಲಿಯೂ ಅಷ್ಟೇ.

ಮತ್ತು ಈ ಕೆಲಸಕ್ಕೆ ಬೇಕಾದ ಮನುಷ್ಯ ನಿಮ್ಮಲ್ಲಿಯೇ ಇದ್ದಾನೆ. ಅವನೇ ಪಿಗ್ಮಿ ತುಂಬಿಸಿಕೊಳ್ಳುವವ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಈ ಪಿಗ್ಮಿ ಪದ್ಧತಿ ತಂದಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಮಾತ್ರ ನಮ್ಮ ಪತ್ತಿನ ಸಂಘಗಳಲ್ಲಿ ಈಗಲೂ ನಡೆದಿದೆ. ಪಿಗ್ಮಿಯವ ದಿನಾ ಸಂಜೆ ಅಂಗಡಿಯಿಂದ ಅಂಗಡಿಗೆ ನಡೆಯುತ್ತಾನೆ. ಯಾರು ಅಂಗಡಿ ಮುಚ್ಚಿದರು, ಯಾರು ಓಣಿ ಬದಲಿಸಿದರು, ಯಾರ ನಂಬರು ಬದಲಾಯಿತು, ಇದು ಅವನಿಗೆ ಅಂದಿನ ದಿನವೇ ಗೊತ್ತು. ನಾನು ಎರಡು ವರ್ಷ ತಿರುಗಿ ಕೂಡಿಸಿದ್ದನ್ನು ಅವನು ಪ್ರತಿ ತಿಂಗಳೂ ಪುಕ್ಕಟೆ ಕೂಡಿಸುತ್ತಾನೆ. ಬರೆದುಕೊಳ್ಳುವುದಿಲ್ಲ, ಅಷ್ಟೇ.

ಆದ್ದರಿಂದ ನನ್ನ ವಿನಂತಿ ಇಷ್ಟು. ಬೆಳ್ಳಿಹಬ್ಬದ ನೆನಪಿಗೆ ಸಂಘವು ತನ್ನ ಕಾರ್ಯಕ್ಷೇತ್ರದ ಕಸುಬುದಾರರ, ವ್ಯಾಪಾರಿಗಳ ಒಂದು ವಹಿಯನ್ನು ಮಾಡಬೇಕು. ಒಂದೊಂದು ಕಸುಬಿಗೆ ಒಂದೊಂದು ಪುಟ, ಹೆಸರು ಅಕಾರಾದಿಯಲ್ಲಿ. ರೊಕ್ಕ ಕೊಟ್ಟವರ ಹೆಸರು ಮೇಲೆ ಎಂಬುದು ಬೇಡ, ನಕ್ಷತ್ರವೂ ಬೇಡ. ಹೆಸರು ಕನ್ನಡದಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಓಣಿ, ಗುರುತು, ಪಿನ್‌ಕೋಡು ಸರಿಯಾಗಿ ಇರಲಿ. ಚಿಕ್ಕೋಡಿಗೆ 591201, ನಿಪ್ಪಾಣಿಗೆ 591237, ರಾಯಬಾಗಕ್ಕೆ 591317, ಅಥಣಿಗೆ 591304, ಕಾಗವಾಡಕ್ಕೆ 591223. 1972ರಲ್ಲಿ ಬಂದ ಈ ಆರು ಅಂಕಿಗಳು ಫೋನ್ ನಂಬರಿನಂತೆ ಮೇಲಿಂದ ಮೇಲೆ ಬದಲಾಗುವುದಿಲ್ಲ. ಯಾರ ಹೆಸರೂ ಅವರ ಒಪ್ಪಿಗೆ ಇಲ್ಲದೆ ಹಾಕಬಾರದು, ಮುಖ್ಯವಾಗಿ ಹೆಣ್ಣುಮಕ್ಕಳ ನಂಬರನ್ನು ಕೇಳದೆ ಹಾಕಬಾರದು. ಸದಸ್ಯನಲ್ಲದವನ ಹೆಸರೂ ಇರಲಿ. ಅವನೂ ನಾಳೆ ಸದಸ್ಯನಾಗುತ್ತ��ನೆ.

ಪಿಗ್ಮಿಯವರು ಮೂರು ತಿಂಗಳಿಗೊಮ್ಮೆ ಅದನ್ನು ಹಿಡಿದುಕೊಂಡು ತಿರುಗಿ ತಿದ್ದಲಿ. ಆ ಕೆಲಸಕ್ಕೆ ಅವರಿಗೆ ಸಂಘ ಸ್ವಲ್ಪ ಹೆಚ್ಚಿನ ಕಮಿಷನ್ ಕೊಡಲಿ, ಪುಕ್ಕಟೆ ದುಡಿಸಬಾರದು. ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚು ಓದುವಂತೆ ಅದನ್ನೂ ಓದಿರಿ. ತಪ್ಪಿದ್ದರೆ ಸದಸ್ಯರು ಎದ್ದು ನಿಂತು ಹೇಳುತ್ತಾರೆ. ಸುಪ್ರೀಂ ಕೋರ್ಟಿಗಿಂತ ನಮ್ಮ ಮಹಾಸಭೆಯ ಪ್ರೂಫ್ ರೀಡಿಂಗ್ ಕಠಿಣ! ಒಂದು ಪ್ರತಿ ಸಂಘದ ಬಾಗಿಲಲ್ಲಿ ದಾರ ಕಟ್ಟಿ ತೂಗು ಬಿಡಿ, ಅಂಚೆ ಕಚೇರಿಯಲ್ಲಿ ಇದ್ದಂತೆ. ಇನ್ನೊಂದನ್ನು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿ. ಜೊತೆಗೆ ಕಂಪ್ಯೂಟರ್ ಬಲ್ಲ ನಿಮ್ಮ ಸಿಬ್ಬಂದಿ ವಾರಕ್ಕೆ ಒಂದು ತಾಸು ಕುಳಿತು, ಬಯಸಿದ ಕಸುಬುದಾರರ ಹೆಸರನ್ನು ಗೂಗಲ್ ನಕಾಶೆಯಲ್ಲಿಯೂ ಸೇರಿಸಿಕೊಡಲಿ. ಹಳತನ್ನೂ ಹೊಸತನ್ನೂ ಜಗಳ ಹಚ್ಚುವುದು ಬೇಡ. ಎರಡೂ ಎತ್ತು ಒಂದೇ ನೊಗಕ್ಕೆ ಕಟ್ಟೋಣ.

ಆ ವಹಿಯ ಮೊದಲ ಪುಟದಲ್ಲಿ ಒಂದು ಸಾಲು ಮಾತ್ರ ತಪ್ಪದೆ ಇರಲಿ: 'ಇದರಲ್ಲಿ ತಪ್ಪು ಕಂಡರೆ ಸಂಘದ ಕಚೇರಿಗೆ ಬಂದು ಹೇಳಿರಿ.' ಜಗತ್ತಿನ ಯಾವ ದೊಡ್ಡ ಕಂಪನಿಯೂ ಬರೆಯಲಾರದ ಸಾಲು ಅದು. ಬಾಗಿಲು ಇದ್ದವರು ಮಾತ್ರ ಬರೆಯಬಲ್ಲರು.

ಮೊದಲ ಪ್ರತಿಯ ಅಚ್ಚಿನ ಕೂಲಿಯನ್ನು ನಾನು ತೆಗೆದುಕೊಳ್ಳುವುದಿಲ್ಲ. ಪ್ರೆಸ್ಸನ್ನು ಈಗ ಮಗ ನೋಡಿಕೊಳ್ಳುತ್ತಾನೆ, ಅವನಿಗೆ ಹೇಳಿದ್ದೇನೆ. ಕಾಗದ ಸಂಘದ್ದು, ಕೆಲಸ ನಮ್ಮದು. ಒಂದೇ ಕರಾರು. ಪ್ರೂಫನ್ನು ನಾನೊಬ್ಬನೇ ನೋಡುವುದಿಲ್ಲ, ಇಬ್ಬರು ನೋಡಬೇಕು. ಅಕ್ಕನವರು ಹೇಳಿದ ಆ ಮುಂದಿನ ಸಲ ಈಗಲಾದರೂ ಬರಲಿ. ಚಂದಗೆ ತಿದ್ದಿ ಹಾಕೋಣ.